‘ಪಾಲುದಾರ’ ಅಂದರೆ ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು: ಸಂಶೋಧನೆಗೆ ಸೇರುವ ಊರಿನವರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ತುಮಕೂರಿನಲ್ಲಿ. ಆಸ್ಪತ್ರೆ, ಕಾಲೇಜುಗಳ ಫಾರಂಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಆಗಾಗ ಬರುತ್ತದೆ. ಈಗ ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ಪಾವಗಡ ಕಡೆಯ ಕೆಲವು ಹಳ್ಳಿಗಳಲ್ಲಿ ಬೋರ್ ನೀರಿನ ಫ್ಲೋರೈಡ್ ಬಗ್ಗೆ ಒಂದು ಅಧ್ಯಯನ ನಡೆಯುತ್ತಿದೆ. ಡಾಕ್ಟರುಗಳು, ನೀರು ಪರೀಕ್ಷೆ ಮಾಡುವವರು, ಸಮಾಜಶಾಸ್ತ್ರ ಓದಿದವರು, ಪಂಚಾಯಿತಿಯವರು, ಎಲ್ಲ ಸೇರಿ ಮಾಡುವ ಕೆಲಸ. ದುಡ್ಡು ಸರ್ಕಾರದ್ದು. ಇದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದವಳು ನಾನು. ಜೋರಾಗಿ ಓದಿದರೆ ಅದು ಹೇಗೆ ಕೇಳಿಸುತ್ತದೆ ನೋಡೋಣ ಅಂತ ಒಂದು ದಿನ ತಂಡದ ಜೊತೆ ಹೋಗಿದ್ದೆ.

ಒಂದು ಮನೆಯ ಜಗಲಿ ಮೇಲೆ ಅಜ್ಜಿಯೊಬ್ಬರು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ತಂಡದ ಹುಡುಗಿ ಪಕ್ಕದಲ್ಲಿ ಕೂತು ಪತ್ರ ಓದಿದಳು. ಅಜ್ಜಿ ಸುಮ್ನೆ ಕೇಳಿಸಿಕೊಂಡರು. ಇಂಕಿನ ಪ್ಯಾಡಿಗೆ ಹೆಬ್ಬೆರಳು ಒತ್ತಿಯೂ ಆಗಿತ್ತು. ಕೊನೆಯ ಸಾಲು ಬಂತು: ‘ನೀವು ಈ ಸಹಯೋಗಾತ್ಮಕ ಸಂಶೋಧನೆಯ ಪಾಲುದಾರರಾಗಿರುತ್ತೀರಿ’. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು. ಬೆರಳಿನ ನೀಲಿಯನ್ನು ಸೆರಗಿಗೆ ಒರೆಸಿಕೊಂಡರು. ‘ಪಾಲಿನ ವಿಷ್ಯಕ್ಕೆಲ್ಲ ನಾನು ಹೆಬ್ಬೆಟ್ಟು ಒತ್ತಲ್ಲ ಕಣವ್ವಾ. ನನ್ ಮಗ ಬರ್ಲಿ’ ಅಂದರು.

ಇದು ಹೊಲದ ವಿಷಯ ಅಲ್ಲ, ನೀರಿನ ವಿಷಯ ಅಂತ ಹುಡುಗಿ ಬಿಡಿಸಿ ಹೇಳಿದಳು. ಅಜ್ಜಿ ಕೇಳಿದರು: ‘ಮತ್ತೆ ಸರ್ವೆಯವರು ಅಂದ್ರಲ್ಲ?’

ತಪ್ಪು ಅಜ್ಜಿಯದಲ್ಲ, ನನ್ನ ಕನ್ನಡದ್ದು. ಹಳ್ಳಿಯಲ್ಲಿ ಸರ್ವೆ ಅಂದರೆ ಮೊದಲು ನೆನಪಾಗುವುದು ಜಮೀನು ಅಳೆಯುವುದು, ಸರ್ವೆ ನಂಬರು. ಪಾಲು ಅಂದರೆ ಅಣ್ಣತಮ್ಮಂದಿರು ಬೇರೆಯಾಗುವುದು, ಪಾಲುಪಟ್ಟಿ, ಪಾರೀಖತ್ತು. ‘ಭಾಗ’ ತೆಗೆದುಕೊಂಡರೂ ಅದೇ ಕಥೆ. ‘ಅವರ ಮನೇಲಿ ಭಾಗ ಆಯ್ತು’ ಅಂದರೆ ಒಲೆ ಎರಡಾಯಿತು ಅಂತಲೇ ಅರ್ಥ. ಒಡೆದು ಹಂಚುವುದಕ್ಕೆ ಜನ ಬಳಸುವ ಎರಡು ಪದಗಳನ್ನೇ ಹಿಡಿದು ನಾವು ‘ಪಾಲ್ಗೊಳ್ಳಿ’, ‘ಭಾಗವಹಿಸಿ’, ‘ಸಹಭಾಗಿಗಳಾಗಿ’ ಅಂತ ಕರೆಯುತ್ತಿದ್ದೇವೆ. ಪೇಪರ್ ಓದುವವರಿಗೆ ಇದು ರೂಢಿಯಾಗಿದೆ, ಕಿವಿಗೆ ತಾಗುವುದಿಲ್ಲ. ಹೆಬ್ಬೆಟ್ಟು ಒತ್ತುವವರಿಗೆ ತಾಗುತ್ತದೆ. ಪಾವಗಡದಲ್ಲಿ ತೆಲುಗು ಮನೆಮಾತಿನವರೂ ಜಾಸ್ತಿ. ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು!

ಮುಂದಿನದನ್ನೂ ಹೇಳಬೇಕು. ಹೊಲಕ್ಕೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಅಜ್ಜಿ ಅರ್ಧ ಗಂಟೆ ಮಾತಾಡಿದರು. ದೊಡ್ಡ ಮಗ ಚಿಕ್ಕವನಿದ್ದಾಗ ಮನೆಗೆ ತೆರೆದ ಬಾವಿಯ ನೀರು. ಅವನ ಹಲ್ಲು ಬೆಳ್ಳಗಿವೆ. ಕೊನೆಯವನು ಬೋರ್ ಹಾಕಿಸಿದ ಮೇಲೆ ಹುಟ್ಟಿದವನು. ‘ಅವನ್ ಹಲ್ಲು ನೋಡಿ, ಕರೆಗಟ್ಟವೆ’ ಅಂದರು. ಜೊತೆಗಿದ್ದ ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿಯಿರುವ ನೀರು ಕುಡಿದರೆ ಕರೆ ಬೀಳುತ್ತದೆ. ದೊಡ್ಡವರಾದ ಮೇಲೆ ಕುಡಿದರೆ ಹಲ್ಲಿಗೆ ಹಾಗಾಗುವುದಿಲ್ಲ, ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೆ ಬರುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಅಜ್ಜಿಗೆ ಈ ಅಂಕಿ ಗೊತ್ತಿಲ್ಲ. ಆದರೆ ಯಾವ ಮಗು ಯಾವ ನೀರು ಕುಡಿದು ಬೆಳೆಯಿತು ಅನ್ನುವುದು ಅವರನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಇಂಥವರನ್ನು ‘ಮಾಹಿತಿದಾರ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಆ ಪದ ಕೇಳಿದರೆ ಪೊಲೀಸರಿಗೆ ಸುದ್ದಿ ಕೊಡುವವರ ನೆನಪಾಗುತ್ತದೆ. ‘ಫಲಾನುಭವಿ’ ಬೇಡವೇ ಬೇಡ. ಅದು ಹಸುವೋ ಮನೆಯೋ ಮಂಜೂರಾದವರಿಗೆ ಇರುವ ಪದ.

ಊರಿನವರು ಸಂಶೋಧನೆಗೆ ಸೇರುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅದು ಸರ್ಕಾರದ್ದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ಕೈಜೋಡಿಸಿದ್ದವು. ಅವರು ದೊಡ್ಡ ಸಮೀಕ್ಷೆ ಮಾಡಿದ್ದು ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಅದರ ಒಂದು ವರದಿ ಬರೆದರು. ಹಳ್ಳಿಯವರಿಗೆ ಟಿ.ಬಿ. ಬಗ್ಗೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೇ ಬರುವುದಿಲ್ಲ ಅನ್ನುವ ಮಾತು ಆಗ ಇತ್ತು. ಕಂಡದ್ದೇ ಬೇರೆ. ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧದಷ್ಟು ಜನ ಡಾಕ್ಟರ ಹತ್ತಿರ ಹೋಗಿಯೂ ಇದ್ದರು. ಕೆಮ್ಮಿನ ಔಷಧಿ ಕೊಟ್ಟು ಅವರನ್ನು ವಾಪಸ್ ಕಳಿಸಿದ್ದರು. ಟಿ.ಬಿ. ಚಿಕಿತ್ಸೆ ಅದಕ್ಕೆಂದೇ ಇರುವ ಪ್ರತ್ಯೇಕ ಆಸ್ಪತ್ರೆಗಳಲ್ಲಿ ಮಾತ್ರ ಅಲ್ಲ, ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲೇ ಸಿಗಬೇಕು ಅನ್ನುವ ಯೋಚನೆಗೆ ಈ ಕೆಲಸ ಬಲ ಕೊಟ್ಟಿತು. ಅಂದು ಮನೆ ಬಾಗಿಲಲ್ಲಿ ಕೂತು ‘ಹೌದಪ್ಪಾ, ಹೋಗಿದ್ದೆ, ಬಾಟ್ಲಿ ಔಸ್ತಿ ಕೊಟ್ರು’ ಅಂತ ಹೇಳಿರಬಹುದಾದ ನಮ್ಮ ಊರುಗಳ ಜನರನ್ನು ಏನಂತ ಕರೆಯಬೇಕು? ಒಳ್ಳೆಯ ಪದ ಅವರಿಗೆ ಸಲ್ಲಬೇಕು ಅಲ್ವಾ?

ನನಗೆ ತೋಚಿದ್ದು ಮುಯ್ಯಾಳು. ನಮ್ಮ ಕಡೆ ಇವತ್ತು ನೀವು ನಮ್ಮ ಹೊಲಕ್ಕೆ ಕಳೆ ತೆಗೆಯೋಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ. ಕೂಲಿ ಇಲ್ಲ, ಋಣ ಇದೆ. ಈ ಪದದಲ್ಲಿ ನನಗೆ ಇಷ್ಟವಾಗುವುದು ಆ ಋಣವೇ. ಊರಿನವರು ಸಮಯ ಕೊಟ್ಟರು, ರಕ್ತ ಕೊಟ್ಟರು, ಮನೆಯ ವಿಷಯ ಹೇಳಿದರು. ತಂಡದವರು ವಾಪಸ್ ಬಂದು ಏನು ಗೊತ್ತಾಯಿತು ಅಂತ ಹೇಳಲೇಬೇಕು. ‘ಪಾಲುದಾರ’ ಪದ ತಂಡದವರ ಮೇಲೆ ಈ ಹೊರೆ ಹಾಕುವುದಿಲ್ಲ, ‘ಮುಯ್ಯಿ’ ಹಾಕುತ್ತದೆ. ತೊಡಕು ಎರಡು. ಮುಯ್ಯಿ ತೀರಿಸುವುದು ಅಂದರೆ ಸೇಡು ಅನ್ನುವ ಅರ್ಥವೂ ಇದೆ. ಇನ್ನೊಂದು, ‘ಆಳು’ ಅಂತ ಫಾರಂನಲ್ಲಿ ಅಚ್ಚಾದರೆ ಕೆಳಗೆ ಕೂರಿಸಿದ ಹಾಗೆ ಕಾಣುತ್ತದೆ. ‘ಜೊತೆಗಾರರು’ ಅನ್ನಬಹುದು. ತಪ್ಪಿಲ್ಲ, ಆದರೆ ಅದರಲ್ಲಿ ಕೊಡು-ಕೊಳ್ಳು ಇಲ್ಲ.

ಪದವೇ ಬೇಡ, ವಾಕ್ಯ ಸಾಕು ಅಂತ ಕೆಲವರು ಹೇಳಬಹುದು. ಓದಿ ಹೇಳುವ ಭಾಗಕ್ಕೆ ನಾನೂ ಹಾಗೇ ಮಾಡಿದ್ದೇನೆ: ‘ನಾವೂ ನೀವೂ ಸೇರಿ ಈ ಊರಿನ ನೀರಿನ ವಿಷಯ ತಿಳಿದುಕೊಳ್ಳೋಣ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಇದು ನಿಮ್ಮ ಜಮೀನಿಗೆ, ರೇಷನ್ ಕಾರ್ಡಿಗೆ ಸಂಬಂಧಪಟ್ಟಿದ್ದಲ್ಲ.’ ‘ಸಾರ್ವಜನಿಕ ಅನುದಾನಿತ’ ತೆಗೆದು ‘ಇದರ ಖರ್ಚು ಜನರ ತೆರಿಗೆ ದುಡ್ಡಿನದು’ ಅಂತ ಹಾಕಿದೆ. ಬರೀ ‘ಸರ್ಕಾರದ್ದು’ ಅಂದರೆ ಬೇಡ ಅನ್ನೋಕೆ ಜನ ಹೆದರುತ್ತಾರೆ. ಆದರೆ ಕೊನೆಯಲ್ಲಿ ಸಹಿಯ ಜಾಗವಿದೆ. ಓದಲು ಬಾರದವರಾದರೆ ಹೆಬ್ಬೆಟ್ಟು, ಪಕ್ಕದಲ್ಲಿ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಸಹಿ. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೇ ಇದೆ. ಆ ಗೆರೆಯ ಕೆಳಗೆ ‘ಇಂಥವರ ಸಹಿ’ ಅಂತ ಒಂದು ಪದ ಬೇಕೇ ಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮುಯ್ಯಾಳು ಈಗಲೂ ಬಳಕೆಯಲ್ಲಿದೆಯೇ? ಬಾಗೇಪಲ್ಲಿ, ಮುಳಬಾಗಿಲಿನ ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ ಏನನ್ನುತ್ತಾರೆ? ‘ಆಳು’ ಬಿಟ್ಟು, ‘ಮುಯ್ಯಿ’ ಉಳಿಸಿಕೊಂಡು ಪದ ಕಟ್ಟಬಹುದೇ? ‘ಮುಯ್ಯಿಗರು’ ಅಂತ ಬರೆದು ನೋಡಿದೆ, ಸೇಡಿನ ವಾಸನೆ ಇನ್ನೂ ಜಾಸ್ತಿಯಾಯಿತು.

ಫಾರಂ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ನಿಮಗೆ ಹೊಳೆದ ಪದವನ್ನು ಕಳಿಸುವ ಮೊದಲು, ಮನೆಯಲ್ಲಿ ಪೇಪರ್ ಓದದ ಹಿರಿಯರು ಯಾರಾದರೂ ಇದ್ದರೆ ಅವರಿಗೆ ಒಮ್ಮೆ ಹೇಳಿ ನೋಡಿ. ಅವರು ಏನಂದರು ಅನ್ನುವುದನ್ನೂ ಅವರ ಮಾತಿನಲ್ಲೇ ಬರೆದು ಕಳಿಸಿ.