ಆ್ಯಪ್‌ಗೆ ಲಿಕ್ವಿಡ್ ಸ್ಟೇಕಿಂಗ್ ಸೇರಿಸಬೇಕು, ಮಾಡಿದವರ ಅನುಭವ ತಿಳಿಸಿ

ಪ್ರಶ್ನೆ: ನಮ್ಮ ವಾಲೆಟ್ ಆ್ಯಪ್‌ನಲ್ಲಿ ಈಥರ್ ಸ್ಟೇಕಿಂಗ್ (ಇಥೀರಿಯಂ ಜಾಲ ನಡೆಸಲು ಈಥರ್ ಒತ್ತೆ ಇಟ್ಟು ಗಳಿಸುವುದು) ಕೊಡಬೇಕು ಅಂತಿದ್ದೇವೆ. ಸ್ವಂತ ವ್ಯಾಲಿಡೇಟರ್‌ಗೆ (ಜಾಲದ ವ್ಯವಹಾರ ಪರಿಶೀಲಿಸುವ ಪಾತ್ರ) ಕನಿಷ್ಠ 32 ಈಥರ್ ಬೇಕು, ನಮ್ಮ ಬಳಕೆದಾರರ ಹತ್ತಿರ ಅಷ್ಟಿಲ್ಲ. ಹಾಗಾಗಿ ಲಿಕ್ವಿಡ್ ಸ್ಟೇಕಿಂಗ್, ಅಂದರೆ ಎಲ್ಲರ ಈಥರ್ ಒಂದು ಪೂಲ್‌ನಲ್ಲಿ ಸೇರಿಸಿ ಸ್ಟೇಕ್ ಮಾಡಿ, ಬದಲಿಗೆ ಮಾರಬಹುದಾದ ಟೋಕನ್ ಕೊಡುವ ದಾರಿ ನೋಡುತ್ತಿದ್ದೇವೆ. ಲೈಡೋದ ಎಸ್‌ಟಿಈಥ್ (stETH) ಬಳಸೋಣವಾ, ರಾಕೆಟ್ ಪೂಲ್‌ನ ಆರ್‌ಈಥ್ (rETH) ಬಳಸೋಣವಾ? ಎಲ್ಲೆಲ್ಲಿ ಹುಷಾರಾಗಿರಬೇಕು?

ಉತ್ತರ 1: ಟೋಕನ್ ಆರಿಸುವ ಮೊದಲು, ನಿಮ್ಮ ಆ್ಯಪ್ ಬ್ಯಾಲೆನ್ಸನ್ನು ಹೇಗೆ ಲೆಕ್ಕ ಹಾಕುತ್ತದೆ ನೋಡಿಕೊಳ್ಳಿ. ತೊಂದರೆ ಶುರುವಾಗುವುದೇ ಅಲ್ಲಿ. ಲೈಡೋದ ಎಸ್‌ಟಿಈಥ್ ರೀಬೇಸ್ ಆಗುವ, ಅಂದರೆ ಖಾತೆಯಲ್ಲಿನ ಸಂಖ್ಯೆಯೇ ಬದಲಾಗುವ ಟೋಕನ್. ಸಾಮಾನ್ಯವಾಗಿ ದಿನಕ್ಕೊಮ್ಮೆ ಒರಾಕಲ್ (ಸ್ಟೇಕ್‌ನ ಲೆಕ್ಕ ತಂದುಕೊಡುವ ವ್ಯವಸ್ಥೆ) ವರದಿ ಬರುತ್ತದೆ, ಎಲ್ಲರ ಬ್ಯಾಲೆನ್ಸ್ ತಾನಾಗಿಯೇ ಬದಲಾಗುತ್ತದೆ. ಆದರೆ ಪ್ರತಿಯೊಬ್ಬರ ಹೆಸರಲ್ಲೂ ಟ್ರಾನ್ಸ್‌ಫರ್ ಈವೆಂಟ್ (ವರ್ಗಾವಣೆಯ ದಾಖಲೆ) ಬರುವುದಿಲ್ಲ. ಬರೀ ಈವೆಂಟ್ ಕೂಡಿಸಿ ಬ್ಯಾಲೆನ್ಸ್ ತೋರಿಸಿದರೆ ಮರುದಿನವೇ ಲೆಕ್ಕ ತಪ್ಪುತ್ತದೆ.

ಒಳಗೆ ನಿಜವಾಗಿ ಇರುವುದು ಷೇರು, ಅಂದರೆ ಪೂಲ್‌ನಲ್ಲಿನ ಪಾಲು. ಪೂಲ್‌ನಲ್ಲಿ 1,000 ಷೇರು, 1,100 ಈಥರ್ ಇದೆ ಅಂದುಕೊಳ್ಳಿ. 10 ಷೇರು ಇರುವವರಿಗೆ 11 ಎಸ್‌ಟಿಈಥ್ ಕಾಣುತ್ತದೆ. ಪೂಲ್ 1,111 ಈಥರ್‌ಗೆ ಏರಿದರೆ 11.11 ಆಗುತ್ತದೆ. ಷೇರು ಮಾತ್ರ 10ರಲ್ಲೇ ಇರುತ್ತದೆ. ಡೇಟಾಬೇಸ್‌ನಲ್ಲಿ ಈ 10 ಇಡಿ, ಉಳಿದದ್ದನ್ನು ಕಾಂಟ್ರಾಕ್ಟ್‌ನಿಂದ ಕೇಳಿ ಪಡೆಯಿರಿ.

ಷೇರಿನ ಭಾಗಾಕಾರದಿಂದ ಇನ್ನೊಂದು ಸಣ್ಣ ಕಿರಿಕಿರಿ ಇದೆ. 1 ಎಸ್‌ಟಿಈಥ್ ಕಳಿಸಿದರೆ ಆ ಕಡೆ ಒಂದೆರಡು ವೇ (ಈಥರ್‌ನ ಅತಿ ಸಣ್ಣ ಘಟಕ) ಕಮ್ಮಿ ಸೇರಬಹುದು. ಕಳಿಸಿದ್ದೂ ಬಂದದ್ದೂ ಸರಿಸಮ ಇರಲೇಬೇಕು ಅಂತ ಕೋಡ್ ಬರೆದಿದ್ದರೆ ವ್ಯವಹಾರ ರಿವರ್ಟ್ (ರದ್ದು) ಆಗುತ್ತದೆ.

ಇದೆಲ್ಲ ಬೇಡ ಅಂದರೆ ಸುಮ್ನೆ ಡಬ್ಲ್ಯೂಎಸ್‌ಟಿಈಥ್ (wstETH, ಎಸ್‌ಟಿಈಥ್‌ನ ರೀಬೇಸ್ ಆಗದ ರೂಪ) ಬಳಸಿ. ಸಂಖ್ಯೆ ಹಾಗೇ ಇರುತ್ತದೆ, ದರ ಏರುತ್ತದೆ. ರಾಕೆಟ್ ಪೂಲ್‌ನ ಆರ್‌ಈಥ್ ಕೂಡ ಇದೇ ರೀತಿ.

ಉತ್ತರ 2: ಹಣ ಹಾಕುವ ಸ್ಕ್ರೀನ್ ಸುಲಭ. ವಾಪಸ್ ತೆಗೆಯುವ ಸ್ಕ್ರೀನ್‌ಗೇ ಜಾಸ್ತಿ ಸಮಯ ಇಟ್ಟುಕೊಳ್ಳಿ. ಲೈಡೋದಲ್ಲಿ ಮೊದಲು ವಿನಂತಿ ಹಾಕಬೇಕು, ಅದಕ್ಕೆ ಒಂದು ಎನ್‌ಎಫ್‌ಟಿ (ಇಲ್ಲಿ ರಸೀದಿಯಂಥ ಟೋಕನ್) ಸಿಗುತ್ತದೆ. ಸರದಿ ಬಂದ ಮೇಲೆ ಕ್ಲೇಮ್ ಮಾಡಲು ಇನ್ನೊಂದು ವ್ಯವಹಾರ ಬೇಕು. ಈ ಎರಡನೇ ಹೆಜ್ಜೆಗೆ ನೋಟಿಫಿಕೇಶನ್ ಕೊಡಿ, ಜನ ಮರೆತುಬಿಡುತ್ತಾರೆ.

ಕಾಯಲು ಆಗದವರು ಮಾರುಕಟ್ಟೆಯಲ್ಲಿ ಮಾರಬಹುದು. ಆದರೆ ಅಲ್ಲಿ ಒಂದಕ್ಕೆ ಒಂದು ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. ಜೂನ್ 2022ರಲ್ಲಿ ಎಸ್‌ಟಿಈಥ್ ಬೆಲೆ ಈಥರ್‌ಗಿಂತ ಸುಮಾರು ಶೇ. 5ರಷ್ಟು ಕೆಳಗಿಳಿದಿತ್ತು. ಆಗ ಇಥೀರಿಯಂನಲ್ಲಿ ಸ್ಟೇಕ್ ವಾಪಸ್ ತೆಗೆಯುವ ದಾರಿಯೇ ಇರಲಿಲ್ಲ, ಅದು ತೆರೆದದ್ದು ಏಪ್ರಿಲ್ 2023ರ ಶಪೆಲ್ಲಾ ಅಪ್‌ಗ್ರೇಡ್‌ನಲ್ಲಿ. ಹಾಗಾಗಿ ಪೂಲ್ ದರ, ಮಾರುಕಟ್ಟೆ ದರ ಎರಡನ್ನೂ ಬೇರೆ ಬೇರೆ ತೋರಿಸಿ. ಬಳಕೆದಾರರಿಗೆ ಅದು ಗೊತ್ತಿರಲೇಬೇಕು ಅಲ್ವಾ?

ಉತ್ತರ 3: ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವ್ಯಾಲಿಡೇಟರ್‌ಗೆ ಸ್ಲ್ಯಾಶಿಂಗ್ (ತಪ್ಪಿಗೆ ಸ್ಟೇಕ್‌ನಿಂದ ದಂಡ) ಆದರೆ ಬ್ಯಾಲೆನ್ಸ್ ಇಳಿಯಲೂಬಹುದು. ಮೇನ್‌ನೆಟ್ ಫೋರ್ಕ್‌ನಲ್ಲಿ (ನಿಜ ಜಾಲದ ಪರೀಕ್ಷಾ ಪ್ರತಿ) ದರ ಇಳಿಸಿ ಟೆಸ್ಟ್ ಮಾಡಿ, ಗಳಿಕೆ ಮೈನಸ್ ಆದಾಗ ನಿಮ್ಮ ಸ್ಕ್ರೀನ್ ಏನು ತೋರಿಸುತ್ತದೆ ಅಂತ ನೋಡಿ.

ಕೇಳಿದವರು: ತುಂಬಾ ಧನ್ಯವಾದ. ಡಬ್ಲ್ಯೂಎಸ್‌ಟಿಈಥ್‌ನಿಂದಲೇ ಶುರು ಮಾಡುತ್ತೇವೆ. ಲೇಯರ್ 2ರಲ್ಲಿ (ಇಥೀರಿಯಂ ಮೇಲೆ ಕಟ್ಟಿದ ಜಾಲ) ಯಾರಾದರೂ ಮಾಡಿದ್ದರೆ ಅದನ್ನೂ ತಿಳಿಸಿ.