ದಿನಾ ಬೆಳಗ್ಗೆ ವಾಗ್ದಾನ ಬರುತ್ತೆ, ಅದರ ಹಿಂದೆಯೇ ಕಂತಿನವರೂ ಬರುತ್ತಾರೆ. ಹೇಗೆ ನಂಬೋದು?

ಮಂಡ್ಯದ ಸೊಸೆ:

ಎಲ್ಲರಿಗೂ ನಮಸ್ಕಾರ. ಈ ಕ್ರೈಸ್ತರ ಗುಂಪಿನಲ್ಲಿ ಬೇರೆ ಬೇರೆ ಸಭೆಯವರು, ಅಂದರೆ ಚರ್ಚಿನವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಸಭೆಯ ಗ್ರೂಪಿನಲ್ಲಿ ಕೇಳೋಕೆ ಆಗಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ನಮ್ಮ ಮನೆಯವರು ಟಾಟಾ ಏಸ್ ಓಡಿಸುತ್ತಾರೆ. ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಎಪಿಎಂಸಿಗೆ ಹಾಕೋ ಬಾಡಿಗೆ. 2023ರಲ್ಲಿ ಮಳೆ ಕೈಕೊಟ್ಟು, ನೀರಿಗಾಗಿ ಮಂಡ್ಯ ಬಂದ್ ಆಯ್ತಲ್ಲ, ಆಮೇಲೆ ಬಾಡಿಗೆ ಅರ್ಧಕ್ಕೆ ಇಳಿಯಿತು. ಗಾಡಿ ಕಂತು ಕಟ್ಟೋಕೆ ಹೆಂಗಸರ ಸಂಘದಲ್ಲಿ ಕಿರುಸಾಲ (ಮೈಕ್ರೋಫೈನಾನ್ಸ್) ಎತ್ತಿದೆವು. ಮುಂದಿನ ವರ್ಷ ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿದಾಗ ಊರಿಗೆಲ್ಲ ಖುಷಿ. ನಾವೂ ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದೆವು, ಕರ್ತನು ಕೈಬಿಡಲಿಲ್ಲ ಅಂತ. ಅದಾದ ಮೇಲೆ ಇವರು ಲೋಡ್ ಇಳಿಸುವಾಗ ಬಿದ್ದು ಕಾಲು ಮುರಿದುಕೊಂಡರು. ರಾಡ್ ಹಾಕಿದ್ದಾರೆ. ಗಾಡಿ ಸುಮ್ನೆ ನಿಂತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಚಿಕ್ಕಮ್ಮ ದಿನಾ ಬೆಳಗ್ಗೆ ಆರಕ್ಕೆ ಗ್ರೂಪಿಗೆ ವಾಗ್ದಾನ, ಅಂದರೆ ದೇವರು ಕೊಟ್ಟ ಮಾತು ಅಂತ ಒಂದು ಕಾರ್ಡು ಕಳಿಸುತ್ತಾರೆ. ಗುಲಾಬಿ ಹೂವು, ಸೂರ್ಯೋದಯ, ಮೇಲೆ ಹಳದಿ ಅಕ್ಷರ. "ಈ ವಾರ ನಿನ್ನ ಸಾಲವೆಲ್ಲ ತೀರುವುದು", "ಇಂದು ನಿನಗೆ ಬಾಗಿಲು ತೆರೆಯುವುದು". ಎಲ್ಲರೂ ಆಮೆನ್ ಹಾಕುತ್ತಾರೆ, ನಾನಂತೂ ಓದುವ ಮುಂಚೆಯೇ ಆಮೆನ್ ಒತ್ತಿರುತ್ತೇನೆ. ಸೋಮವಾರ ಏಳು ಗಂಟೆಗೆ ಬಾಗಿಲು ತೆರೆದರೆ ಕಂತಿನ ಹುಡುಗ ಬೈಕ್ ಮೇಲೆ ಕೂತಿರುತ್ತಾನೆ. ಇಂಜಿನ್ ಆಫ್ ಕೂಡ ಮಾಡಲ್ಲ. ಅಕ್ಕಪಕ್ಕದವರು ನೋಡಲಿ ಅಂತಲೇ ಹಾರ್ನ್ ಹೊಡೆಯುತ್ತಾನೆ.

ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಒಬ್ಬ ಅಕ್ಕ, "ನಿಮ್ಮ ನಂಬಿಕೆಯಲ್ಲೇ ಎಲ್ಲೋ ಕೊರತೆ ಇದೆ, ಇಲ್ಲಾಂದ್ರೆ ವಾಗ್ದಾನ ಯಾಕೆ ನೆರವೇರಲ್ಲ" ಅಂದುಬಿಟ್ಟರು. ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ಮಾತೇ ಹೊರಡಲ್ಲ. ದೇವರನ್ನ ಬಿಟ್ಟಿಲ್ಲ. ಆದರೆ ಬೆಳಗ್ಗೆ ಫೋನ್ ಟಿಣ್ ಅಂದರೆ ಎದೆ ಧಸಕ್ ಅನ್ನುತ್ತೆ. ಕಾಲ ಚೆನ್ನಾಗಿದ್ದಾಗ ನಂಬೋದು ಸುಲಭ, ಅಲ್ವಾ. ಇಂಥ ಹೊತ್ತಲ್ಲಿ ನೀವು ದಿನಾ ಏನು ಓದುತ್ತೀರಿ, ಹೇಗೆ ನಂಬುತ್ತೀರಿ? ದಯವಿಟ್ಟು ಬರೀ "ಪ್ರಾರ್ಥನೆ ಮಾಡಿ ತಂಗಿ" ಅಂತ ಹೇಳಿ ಹೋಗಬೇಡಿ.

ಹಳೇ ಮೇಷ್ಟ್ರು, ಮೈಸೂರು:

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ರಿಟೈರ್ ಆದ ಮೇಷ್ಟ್ರು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಮ್ಮ.

ಮೊದಲು ಆ ಅಕ್ಕನ ಮಾತು ಪಕ್ಕಕ್ಕಿಡಿ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಎಲ್ಲ ಕಳಕೊಂಡು ನರಳಿದ ಯೋಬನಿಗೆ ಅವನ ಸ್ನೇಹಿತರೂ ಇದನ್ನೇ ಹೇಳಿದ್ದು. ನಿನ್ನಲ್ಲೇ ಏನೋ ತಪ್ಪಿದೆ ಅಂತ ಅಧ್ಯಾಯಗಟ್ಟಲೆ ಕೊರೆದರು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರ ಕೋಪ ಉರಿದದ್ದು ಆ ಸ್ನೇಹಿತರ ಮೇಲೆ. ಅವರಿಗೋಸ್ಕರ ಯೋಬನೇ ಪ್ರಾರ್ಥನೆ ಮಾಡಬೇಕಾಯ್ತು. ಕೂಟಗಳಲ್ಲಿ ತೀರ್ಪು ಕೊಡೋರು ಆ ಪುಟದವರೆಗೆ ಓದಿರಲ್ಲ.

ಇನ್ನು ವಾಗ್ದಾನದ ಕಾರ್ಡು. ನನ್ನ ಫೋನಿಗೆ ಜಾಸ್ತಿ ಬರೋದು ಯೆರೆಮೀಯ ಪ್ರವಾದಿಯ ಪುಸ್ತಕದ 29:11. ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಕೇಡಿನದಲ್ಲ, ಹಿತದ್ದು, ನಿಮಗೆ ನಿರೀಕ್ಷೆ ಕೊಡೋದಕ್ಕೆ, ಅಂತ ದೇವರು ಹೇಳೋ ಮಾತು. ಒಳ್ಳೇ ಮಾತೇ. ಆದರೆ ಅದು ಯಾರಿಗೆ ಬರೆದ ಕಾಗದ ಅಂತ ಕಾರ್ಡಿನಲ್ಲಿ ಇರಲ್ಲ. ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಯೆರೆಮೀಯ ಬರೆದದ್ದು ಅದು. ಹಿಂದಿನ ವಚನದಲ್ಲೇ 70 ವರ್ಷ ಆದ ಮೇಲೆ ವಾಪಸ್ ಅಂತ ಇದೆ. ಅಂದರೆ ಆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಬಹಳ ಜನಕ್ಕೆ ಮತ್ತೆ ಊರು ನೋಡೋ ಯೋಗವೇ ಇರಲಿಲ್ಲ. ಅಂಥವರಿಗೆ ಏನು ಹೇಳಿದ? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರೋ ಆ ಪರದೇಶದ ಪಟ್ಟಣಕ್ಕೋಸ್ಕರವೂ ಪ್ರಾರ್ಥನೆ ಮಾಡಿ.

ಒಂದು ಪುಟ ಹಿಂದೆ ಹೋಗಿ, 28ನೇ ಅಧ್ಯಾಯ. ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ದೇವಾಲಯದಲ್ಲಿ ಎಲ್ಲರ ಮುಂದೆ ಹೇಳಿಬಿಡುತ್ತಾನೆ. ಜನಕ್ಕೆ ಯಾವುದು ಹಿಡಿಸಿರುತ್ತೆ, ಎರಡೋ ಎಪ್ಪತ್ತೋ? ತಮಾಷೆ ಅಂದರೆ ಯೆರೆಮೀಯನೂ ಮೊದಲು "ಆಮೆನ್, ಹಾಗೇ ಆಗಲಿ" ಅಂದ. ಅವನಿಗೂ ಆಸೆ ಇತ್ತು, ಯಾರಿಗಿರಲ್ಲ. ಆಮೇಲೆ ಅಂದ, ನಡೆದಾಗ ತಾನೇ ಗೊತ್ತಾಗೋದು ಕರ್ತನು ಕಳಿಸಿದ್ದೋ ಇಲ್ಲವೋ ಅಂತ. ಈ ವಾರ ನಿಮ್ಮ ಸಾಲ ತೀರುತ್ತೆ ಅನ್ನೋದು ಸತ್ಯವೇದದ ಯಾವ ವಚನ ಅಂತ ನಿಮ್ಮ ಚಿಕ್ಕಮ್ಮನನ್ನ ಕೇಳಿ ನೋಡಿ. ಸಿಗಲ್ಲ. ಅದು ಹನನ್ಯನ ಥರದ ಮಾತು. ಅದು ಆಗಲಿಲ್ಲ ಅಂದರೆ ದೇವರು ಮಾತು ತಪ್ಪಿದ ಹಾಗಲ್ಲ, ನಿಮ್ಮ ನಂಬಿಕೆ ಬಿದ್ದುಹೋದ ಹಾಗೂ ಅಲ್ಲ. ಬರೀ ಬಿಡಿ ವಚನ ಓದೋದು ಒಗ್ಗರಣೆ ತಿಂದು ಸಾರು ಬಿಟ್ಟ ಹಾಗೆ ಅಂತ ನಾನು ಭಾನುವಾರದ ಶಾಲೆಯ ಮಕ್ಕಳಿಗೂ ಹೇಳುತ್ತಿದ್ದೆ.

ಏನು ಓದೋದು ಅಂದಿರಿ. ಸದ್ಯಕ್ಕೆ 13ನೇ ಕೀರ್ತನೆ. ಆರೇ ವಚನ. ಮೊದಲ ಎರಡು ವಚನದಲ್ಲೇ "ಎಲ್ಲಿಯವರೆಗೆ" ಅಂತ ಕೀರ್ತನೆಗಾರ ದೇವರನ್ನ ನಾಲ್ಕು ಸಾರಿ ಕೇಳುತ್ತಾನೆ. ಬಾಯೇ ಹೊರಡಲ್ಲ ಅನ್ನೋ ದಿನ ಅದನ್ನ ಗಟ್ಟಿಯಾಗಿ ಓದಿ, ಅದೇ ಪ್ರಾರ್ಥನೆ. ಕೊನೆಯಲ್ಲಿ ಅವನು ಹಾಡುತ್ತಾನೆ ನಿಜ. ನಿಮಗೆ ಇವತ್ತು ಹಾಡೋಕೆ ಆಗದಿದ್ದರೆ ನಾಲ್ಕನೇ ವಚನಕ್ಕೆ ನಿಲ್ಲಿಸಿ, ಯಾರೂ ಬೈಯಲ್ಲ. 88ನೇ ಕೀರ್ತನೆಗೆ ಅಂಥ ಕೊನೆಯೂ ಇಲ್ಲ, ಕತ್ತಲಲ್ಲೇ ಮುಗಿದುಹೋಗುತ್ತೆ. ಅದನ್ನೂ ಸತ್ಯವೇದದಿಂದ ಯಾರೂ ಕಿತ್ತುಹಾಕಿಲ್ಲವಲ್ಲ.

ಗಿಟಾರ್ ಹುಡುಗ, ನಂಜನಗೂಡು:

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ, ಸ್ವಲ್ಪ ಜಾಸ್ತಿ ಆಯ್ತು. ನಮ್ಮಮ್ಮ ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವರು. ಹಿಂದಿನ ಅಧ್ಯಾಯ ಮುಂದಿನ ಅಧ್ಯಾಯ ಅಂತ ಕೂತು ನೋಡೋ ಪುರುಸೊತ್ತು ಅವರಿಗಿಲ್ಲ. ಅಪ್ಪ ತೀರಿಕೊಂಡಾಗ ಅಡುಗೆಮನೆ ಗೋಡೆಗೆ ಒಂದೇ ವಚನ ಅಂಟಿಸಿದ್ದರು, ಯೆಹೋಶುವ 1:9, ಹೆದರಬೇಡ, ನೀನು ಹೋಗೋ ಕಡೆಯಲ್ಲೆಲ್ಲ ನಿನ್ನ ದೇವರು ನಿನ್ನ ಜೊತೆ ಇರುತ್ತಾನೆ ಅನ್ನೋದು. ಎಣ್ಣೆ ಸಿಡಿದು ಅಕ್ಷರ ಅಳಿಸಿಹೋಗಿದೆ, ಇನ್ನೂ ಅಲ್ಲೇ ಇದೆ. ನಮ್ಮನ್ನೆಲ್ಲ ಓದಿಸಿದ್ದು ಆ ಒಂದು ವಚನ ಹಿಡಕೊಂಡೇ. ಬಿಡಿ ವಚನ ಅಂತ ಕಡೆಗಣಿಸಬೇಡಿ.

ಅಕ್ಕಾ, ನಿಮ್ಮ ಚಿಕ್ಕಮ್ಮನ ಮೇಲೂ ಬೇಜಾರು ಬೇಡ. ಆರು ಗಂಟೆಗೆ ಎದ್ದು ನಿಮ್ಮನ್ನ ನೆನೆಸಿಕೊಳ್ಳುತ್ತಾರಲ್ಲ.

ಹಳೇ ಮೇಷ್ಟ್ರು, ಮೈಸೂರು:

ಒಪ್ಪಿದೆ ಕಣಪ್ಪ. ಆದರೆ ನಿಮ್ಮಮ್ಮ ಅಂಟಿಸಿದ ವಚನ ನೋಡು. ನಿನ್ನ ಜೊತೆ ಇರುತ್ತೇನೆ ಅಂತ ಇದೆ, ಗುರುವಾರದೊಳಗೆ ದುಡ್ಡು ಬರುತ್ತೆ ಅಂತ ಇಲ್ಲ. ನನ್ನ ತಕರಾರು ಎರಡನೇ ಥರದ್ದರ ಮೇಲೆ.

ಅಶೋಕ ರಸ್ತೆ:

ನಾವು ಕಥೋಲಿಕರು, ನಮ್ಮ ರೂಢಿ ಬೇರೆ, ಉಪಯೋಗ ಆಗಬಹುದೇನೋ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಪೂಜೆಯಲ್ಲಿ ಓದೋ ಅವತ್ತಿನ ವಾಚನ ಯಾವುದು ಅಂತ ನಾವು ಆರಿಸಿಕೊಳ್ಳೋ ಹಾಗಿಲ್ಲ. ಭಾನುವಾರದ್ದು ಮೂರು ವರ್ಷಕ್ಕೊಂದು ಸುತ್ತು, ವಾರದ ದಿನಗಳ ಮೊದಲ ವಾಚನ ಎರಡು ವರ್ಷಕ್ಕೊಂದು ಸುತ್ತು ಬರುತ್ತೆ. ಮನೆಯಲ್ಲಿ ಮದುವೆ ಸಡಗರ ಇದ್ದಾಗ ಗೋಳಾಟದ ಪ್ರಲಾಪ ಪುಸ್ತಕ ಬರಬಹುದು, ಸಾವಾದ ವಾರ ಹಬ್ಬದ ವಾಚನ ಬರಬಹುದು. ಮೊದಮೊದಲು ಇದೇನು ಹೊಂದಲ್ಲವಲ್ಲ ಅನಿಸುತ್ತೆ. ನನಗೆ ಈಗ ಅದೇ ಇಷ್ಟ. ನನ್ನ ಮೂಡ್ ನೋಡಿ ದೇವರು ಮಾತಾಡಬೇಕು ಅನ್ನೋ ಹಟ ಕಮ್ಮಿ ಆಗಿದೆ.

ಒಂದು ಚಿಕ್ಕ ವಿಷಯ. ಮೈಸೂರಿಗೆ ಬಂದಾಗ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಸುಮ್ನೆ ಹಿಂದಿನ ಬೆಂಚಲ್ಲಿ ಕೂತುಬನ್ನಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಕಟ್ಟಡ. ಟೂರಿಸ್ಟ್‌ಗಳು ಗೋಪುರದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆದರೆ ವಾರದ ಮಧ್ಯೆ ಮಧ್ಯಾಹ್ನದ ಹೊತ್ತಲ್ಲಿ ನೋಡಬೇಕು, ಆಟೋದವರು, ಮಾರ್ಕೆಟ್ಟಿನ ಹೆಂಗಸರು, ನಮ್ಮ ಮತದವರಲ್ಲದವರು ಎಷ್ಟೋ ಜನ ಮೇಣದಬತ್ತಿ ಹಚ್ಚಿ ಏನೂ ಮಾತಾಡದೆ ಕೂತಿರುತ್ತಾರೆ. ಅವರ್ಯಾರೂ ಯಾವ ವಾಗ್ದಾನವನ್ನೂ ಕ್ಲೇಮ್ ಮಾಡುತ್ತಿರಲ್ಲ. ನಿಮಗೆ ಮಾತು ಹೊರಡದ ದಿನ ಅದೂ ಒಂದು ದಾರಿ. ಜಪಸರ ಇದೆಯಲ್ಲ, ಅದೂ ನಮಗೆ ಅದಕ್ಕೇ, ಸ್ವಂತ ಮಾತಿಲ್ಲದಾಗ ಬೆರಳಾದರೂ ಮುಂದೆ ಹೋಗುತ್ತಿರುತ್ತೆ.

ಬ್ಯಾಂಕ್ ಅಕ್ಕ, ಹೆಬ್ಬಾಳ:

ತಂಗಿ, ಎಲ್ಲರೂ ವಚನ ಹೇಳಿದರು, ಏಳು ಗಂಟೆಗೆ ಬರೋ ಆ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ಅದನ್ನ ನಾನು ಹೇಳ್ತೀನಿ. ಆರ್‌ಬಿಐ 2022ರಲ್ಲಿ ಕಿರುಸಾಲಕ್ಕೆ ನಿಯಮ ಮಾಡಿದೆ. ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಕೂಡ ಮಾಡೋ ಹಾಗಿಲ್ಲ. ಬೈಯೋದು, ಹೆದರಿಸೋದು, ನೆಂಟರಿಗೆ ಸ್ನೇಹಿತರಿಗೆ ಕಿರುಕುಳ ಕೊಡೋದು ಯಾವುದೂ ಇಲ್ಲ. ಕಂತು ಕಟ್ಟಿಸಿಕೊಳ್ಳೋಕೆ ಒಂದು ಜಾಗ ಗೊತ್ತು ಮಾಡಬೇಕು, ಸಾಲ ತೆಗೆದುಕೊಂಡವರು ಅಲ್ಲಿಗೆ ಎರಡು ಸಾರಿ ಮೇಲಿಂದ ಮೇಲೆ ಬರದಿದ್ದರೆ ಮಾತ್ರ ಮನೆ ಹತ್ತಿರ ಬರಬಹುದು. ನಮ್ಮ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ. ಮುಂದಿನ ಸಾರಿ ಹಾರ್ನ್ ಹೊಡೆದರೆ ವಿಡಿಯೋ ಮಾಡಿಕೊಳ್ಳಿ. ಮೊದಲು ಅವರ ಕಂಪನಿಗೇ ಬರೆದು ಕೊಡಿ, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಆರ್‌ಬಿಐಗೆ ದೂರು ಕೊಡಬಹುದು. ಸಾಲ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಕಾಲು ಮುರಿದಿದೆ, ಕಂತು ಚಿಕ್ಕದು ಮಾಡಿ ಅವಧಿ ಜಾಸ್ತಿ ಮಾಡಿಕೊಡಿ ಅಂತ ಆಸ್ಪತ್ರೆ ಚೀಟಿ ಇಟ್ಟು ಅರ್ಜಿ ಕೊಡಿ.

ಇದೆಲ್ಲ ಲೌಕಿಕ, ನಂಬಿಕೆ ಬೇರೆ ಅನ್ನೋರಿಗೆ ನಾನು ಸತ್ಯವೇದದ 2 ಅರಸು ಪುಸ್ತಕದ 4ನೇ ಅಧ್ಯಾಯ ಓದಿ ಅಂತೀನಿ. ನನ್ನ ಇಷ್ಟದ ಕಥೆ ಅದು. ಒಬ್ಬ ವಿಧವೆ. ಗಂಡ ದೇವರಿಗೆ ಭಯಪಟ್ಟು ನಡೆದವನು, ಆದರೂ ಸಾಲ ಬಿಟ್ಟು ಸತ್ತಿದ್ದಾನೆ. ಸಾಲ ಕೊಟ್ಟವನು ಅವಳ ಎರಡು ಮಕ್ಕಳನ್ನ ಜೀತಕ್ಕೆ ಎಳಕೊಂಡು ಹೋಗೋಕೆ ಬಂದಿದ್ದಾನೆ. ಅವಳು ಎಲೀಷ ಪ್ರವಾದಿಯ ಹತ್ತಿರ ಹೋಗಿ ಗೋಳಿಡುತ್ತಾಳೆ. ನಿನ್ನ ನಂಬಿಕೆ ಕಮ್ಮಿ ಅಂತ ಅವನು ಹೇಳಲಿಲ್ಲ. ಮನೆಯಲ್ಲಿ ಏನಿದೆ ಅಂತ ಕೇಳಿದ. ಒಂದು ಮೊಗೆ ಎಣ್ಣೆ ಬಿಟ್ಟು ಏನೂ ಇಲ್ಲ ಅಂದಳು. ಹೋಗು, ನೆರೆಮನೆಯವರಿಂದೆಲ್ಲ ಖಾಲಿ ಪಾತ್ರೆ ಕೇಳಿ ತಗೋ, ಕಮ್ಮಿ ತರಬೇಡ ಅಂದ.

ಯೋಚನೆ ಮಾಡಿ, ಸಾಲದವನು ಮನೆಗೆ ಬಂದಿದ್ದು ಕೇರಿಗೆಲ್ಲ ಗೊತ್ತು. ಅಂಥ ಹೊತ್ತಲ್ಲಿ ಮನೆಮನೆಗೂ ಹೋಗಿ ಪಾತ್ರೆ ಕೇಳಬೇಕು. ನನಗಾದರೆ ಎಣ್ಣೆ ಉಕ್ಕಿದ್ದಕ್ಕಿಂತ ಅವಳು ಪಾತ್ರೆ ಕೇಳೋಕೆ ಹೋದದ್ದೇ ದೊಡ್ಡದು ಅನಿಸುತ್ತೆ. ಪಾತ್ರೆ ಇರೋವರೆಗೂ ಎಣ್ಣೆ ಬಂತು. ಆಮೇಲೆ ಎಲೀಷ ಏನಂದ? ಹೋಗಿ ಎಣ್ಣೆ ಮಾರು, ಸಾಲ ತೀರಿಸು, ಮಿಕ್ಕಿದ್ದರಲ್ಲಿ ನೀನೂ ಮಕ್ಕಳೂ ಬದುಕಿ. ಅಷ್ಟು ದೊಡ್ಡ ಅದ್ಭುತ ಆದ ಮೇಲೂ ಅವಳು ಸಂತೆಗೆ ಹೋಗಬೇಕಾಯ್ತು, ಮಾರಬೇಕಾಯ್ತು.

ಹಾಗಾಗಿ ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಕಷ್ಟ ಅಂತ ಸಭೆಯಲ್ಲಿ ಹೇಳಿದಿರಿ, ಸರಿ. ಸಹಾಯ ಬೇಕು ಅಂತ ಬಾಯಿ ಬಿಟ್ಟು ಕೇಳಿದಿರಾ?

ಮಂಡ್ಯದ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 9 ಗಂಟೆಯ ವಿಷಯ ನಮಗ್ಯಾರಿಗೂ ಗೊತ್ತಿರಲಿಲ್ಲ, ನಮ್ಮ ಸಂಘದ ಬೇರೆ ಹೆಂಗಸರಿಗೂ ಕಳಿಸಿದೆ.

ಬ್ಯಾಂಕ್ ಅಕ್ಕ, ಕೇಳಿಲ್ಲ. ಪ್ರಾರ್ಥನಾ ವಿನಂತಿ ಕೊಡೋಕೆ ನಾಚಿಕೆ ಆಗಲ್ಲ, ಸಾವಿರ ರೂಪಾಯಿ ಕೇಳೋಕೆ ಆಗುತ್ತೆ. ಇವರಂತೂ ನಮ್ಮ ಸಭಾಪಾಲಕರು ಆಸ್ಪತ್ರೆಗೆ ಬಂದು ಕವರ್ ಕೊಟ್ಟರೆ ಅದನ್ನೂ ವಾಪಸ್ ಕೊಟ್ಟು ಕಳಿಸಿದ್ದರು.

ರಾತ್ರಿ ಆ ಅಧ್ಯಾಯ ಇವರಿಗೆ ಓದಿ ಹೇಳಿದೆ. ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ, ಮನೆಯಲ್ಲಿ ಗಾಡಿ ಇದೆಯಲ್ಲ, ನಾನು ಓಡಿಸೋಕೆ ಆಗಲ್ಲ ಅಷ್ಟೇ, ಅಂದರು. ಇವರ ದೋಸ್ತಿಯ ತಮ್ಮನಿಗೆ ಲೈಸೆನ್ಸ್ ಇದೆ, ದಿನದ ಲೆಕ್ಕಕ್ಕೆ ಕೊಡೋಣ್ವಾ ಅಂತಿದ್ದಾರೆ. ಕೊಡಬಹುದಾ? ಕಾರಿನ ಲೈಸೆನ್ಸ್ ಸಾಕಾ?

ಹಳೇ ಮೇಷ್ಟ್ರು, ಮೈಸೂರು:

ಆ ಕವರಿನ ವಿಷಯಕ್ಕೆ ನಿಮ್ಮ ಯಜಮಾನರಿಗೆ ಫಿಲಿಪ್ಪಿಯವರ ಪತ್ರ 4ನೇ ಅಧ್ಯಾಯ ಓದಿಸಿ. ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನೋದು ಮಾತ್ರ ಕಾರ್ಡಿಗೆ ಬರುತ್ತೆ. ಸೆರೆಯಲ್ಲಿದ್ದ ಅಪೊಸ್ತಲ ಪೌಲ ಅದನ್ನ ಬರೆದ ಬೆನ್ನಿಗೇ, ನೀವು ಕಳಿಸಿದ್ದು ಎಪಫ್ರೊದೀತನ ಕೈಯಿಂದ ಮುಟ್ಟಿತು, ಒಳ್ಳೇ ಕೆಲಸ ಮಾಡಿದಿರಿ ಅಂತಲೂ ಬರೆದಿದ್ದಾನೆ. ಅವನೇನೂ ವಾಪಸ್ ಕಳಿಸಲಿಲ್ಲ.

ಬ್ಯಾಂಕ್ ಅಕ್ಕ, ಹೆಬ್ಬಾಳ:

ಕೊಡಬಹುದು. ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಟಾಟಾ ಏಸ್ ಅದರೊಳಗೇ ಬರುತ್ತೆ. ಆದರೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಪತ್ರ), ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ, ನಿಂತ ಗಾಡಿದು ಮರೆತುಹೋಗಿರುತ್ತೆ. ಗಾಡಿ ಮೇಲೆ ಸಾಲ ಇರೋದರಿಂದ ಫೈನಾನ್ಸಿನವರಿಗೂ ಒಂದು ಮಾತು ಹೇಳಿಬಿಡಿ. ದೋಸ್ತಿ ಅಂತ ಬಾಯಿಮಾತಲ್ಲಿ ಬೇಡ, ದಿನಕ್ಕೆ ಎಷ್ಟು, ಡೀಸೆಲ್ ಯಾರದು, ಟೈರ್ ಹೋದರೆ ಯಾರದು ಅಂತ ಒಂದು ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಕಂಪನಿಗೆ ಕೊಡೋ ದೂರು ನೀವು ಬರೆದು ಇಲ್ಲಿ ಹಾಕಿ, ನಾನು ಒಂದು ಸಲ ನೋಡ್ತೀನಿ.