'ಆಯತ್ ಆಯತ್ ಚಿಂತಾ' ನೋಡಿದ್ದೀರಾ? ಫಹ್ರಿಯ ಎರಡನೇ ಮದುವೆ ನಿಮಗೆ ಒಪ್ಪಿಗೆಯಾಯ್ತಾ?

ವಿದ್ಯಾನಗರದವಳು, ದಾವಣಗೆರೆ

ಇಂಡೋನೇಷ್ಯಾದ ಈ ಸಿನಿಮಾ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? 2008ರದ್ದು, ಹನುಂಗ್ ಬ್ರಮಾಂತ್ಯೊ ನಿರ್ದೇಶನ. ನಾನು ಮತ್ತು ನನ್ನ ರೂಮ್‌ಮೇಟ್ ಸಬ್‌ಟೈಟಲ್ ಹಾಕಿಕೊಂಡು ನೋಡಿದೆವು. ಅವಳು ಮುಸ್ಲಿಂ, ನಾನು ಲಿಂಗಾಯತರ ಮನೆಯವಳು. ಆವತ್ತಿನಿಂದ ಊಟಕ್ಕೆ ಕೂತಾಗಲೆಲ್ಲ ಇದೇ ವಾದ.

ನೋಡದವರಿಗೆ ಕತೆ ಹೇಳಿಬಿಡುತ್ತೇನೆ. ಫಹ್ರಿ ಇಂಡೋನೇಷ್ಯಾದಿಂದ ಕೈರೋದ ಅಲ್ ಅಝರ್ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಬಡ ಹುಡುಗ, ತುಂಬಾ ದೈವಭಕ್ತ. ಪಕ್ಕದಲ್ಲೇ ಇರುವ ಮರಿಯಾ ಕಾಪ್ಟಿಕ್ ಅನ್ನುವ ಈಜಿಪ್ಟಿನ ಪಂಗಡದ ಕ್ರೈಸ್ತಳು, ಕುರಾನ್ ಅಂದರೆ ಅವಳಿಗೆ ಇಷ್ಟ, ಇವನನ್ನು ಪ್ರೀತಿಸುತ್ತಾಳೆ, ಆದರೆ ಹೇಳುವುದಿಲ್ಲ, ಡೈರಿಯಲ್ಲಿ ಬರೆದಿಡುತ್ತಾಳೆ ಅಷ್ಟೇ. ಫಹ್ರಿ ಹಿರಿಯರ ಮೂಲಕ ಆಯಿಶಾಳನ್ನು ಮದುವೆಯಾಗುತ್ತಾನೆ. ಅಷ್ಟರಲ್ಲಿ ಇವನೇ ಕಷ್ಟದಿಂದ ಪಾರು ಮಾಡಿದ್ದ ನೌರಾ ಎಂಬ ಹುಡುಗಿ ಅತ್ಯಾಚಾರದ ಸುಳ್ಳು ಆರೋಪ ಹೊರಿಸುತ್ತಾಳೆ, ಜೈಲಾಗುತ್ತದೆ. ಸಾಕ್ಷಿ ಹೇಳಬೇಕಾದ ಮರಿಯಾಗೆ ಪ್ರಜ್ಞೆಯೇ ಇಲ್ಲ. ಫಹ್ರಿಯ ದನಿ, ಸ್ಪರ್ಶದಿಂದ ಅವಳಿಗೆ ಎಚ್ಚರವಾಗಬಹುದು, ಆದರೆ ಹೆಂಡತಿಯಲ್ಲದವಳನ್ನು ಅವನು ಮುಟ್ಟುವುದಿಲ್ಲ. ಆಗ ಆಯಿಶಾಳೇ ಗಂಡನಿಗೆ ಹೇಳುತ್ತಾಳೆ, ಮರಿಯಾಳನ್ನು ಮದುವೆ ಮಾಡಿಕೋ ಅಂತ.

ನನ್ನ ತಕರಾರು ಇಲ್ಲೇ. ಅಲ್ಲಿಯವರೆಗೆ ಫಹ್ರಿ ನನಗೆ ತುಂಬಾ ಇಷ್ಟವಾಗಿದ್ದ. ಗಂಡನ ಜೀವ ಉಳಿಸಲು ಹೆಂಡತಿ ಇಷ್ಟು ನುಂಗಬೇಕಾ? ಇದು ಪ್ರೇಮಕತೆಯಾ, ಧರ್ಮದ ಪಾಠವಾ?

ಬಾಷಾ ನಗರದ ಅಕ್ಕ

ನಾನು ನೋಡಿದ್ದೇನೆ, ಮೂಲ ಕಾದಂಬರಿಯ ಕತೆಯೂ ಗೊತ್ತು. ಬರೆದವರು ಹಬೀಬುರ್ರಹಮಾನ್ ಅಲ್ ಶಿರಾಝಿ, ಅವರೂ ಅಲ್ ಅಝರ್‌ನಲ್ಲೇ ಓದಿದವರು.

ನಮ್ಮ ಮನೆಗಳಲ್ಲಿ ಕಂಡಿದ್ದನ್ನೇ ಅಲ್ಲಿ ಕಂಡೆ. ಹುಡುಗ ಹುಡುಗಿ ದೊಡ್ಡವರ ಮುಂದೆ ಕೂತು ಮಾತಾಡುತ್ತಾರೆ, ಒಪ್ಪಿಗೆ ಆದರೆ ಮದುವೆ. ಹೊರಗಿನವರಿಗೆ ಇದರಲ್ಲಿ ಪ್ರೀತಿ ಎಲ್ಲಿದೆ ಅನ್ನಿಸಬಹುದು. ಆದರೆ ಫಹ್ರಿ ಹುಡುಗಿಯರ ಕೈ ಕುಲುಕದೆ ದೂರ ನಿಲ್ಲುವುದು ತಿರಸ್ಕಾರದಿಂದ ಅಲ್ಲ, ಮರ್ಯಾದೆಯಿಂದ. ನಂಬುವ ಮನುಷ್ಯನಿಗೆ ಮನಸ್ಸಿನಲ್ಲಿ ಆಸೆ ಹುಟ್ಟುವುದೇ ಇಲ್ಲ ಅಂತಲ್ಲ, ಹುಟ್ಟಿದ ಮೇಲೆ ಏನು ಮಾಡುತ್ತಾನೆ ಅನ್ನುವುದೇ ಕತೆ. ನನಗೆ ಇದು ಪೂರ್ತಿ ಪ್ರೇಮಕತೆಯೇ.

ಎರಡನೇ ಮದುವೆ ವಿಷಯಕ್ಕೆ ಬರೋಣ. ಕಾದಂಬರಿಯಲ್ಲಿ ಮೂವರೂ ಒಟ್ಟಿಗೆ ಸಂಸಾರ ಮಾಡುವ ಭಾಗವೇ ಇಲ್ಲ, ಅದನ್ನು ಸಿನಿಮಾದವರು ಸೇರಿಸಿದ್ದು. ಸೇರಿಸಿದ್ದೇ ಒಳ್ಳೆಯದಾಯ್ತು ಅಂತೀನಿ. ಬಿಡುಗಡೆಯಾಗಿ ಬಂದ ಫಹ್ರಿ ಇಬ್ಬರ ನಡುವೆ ತಡವರಿಸುತ್ತಾನೆ, ಆಯಿಶಾಗೆ ಹೊಟ್ಟೆಯಲ್ಲಿ ಸಂಕಟ, ಅದನ್ನು ಕ್ಯಾಮೆರಾ ಮುಚ್ಚಿಡುವುದಿಲ್ಲ. ಕುರಾನಿನ 4ನೇ ಅಧ್ಯಾಯ ನಿಸಾದಲ್ಲಿ 3ನೇ ಆಯತ್ (ವಚನ) ಎಲ್ಲರೂ ಹೇಳುತ್ತಾರೆ, ನಾಲ್ವರವರೆಗೆ ಅವಕಾಶ ಇದೆ ಅಂತ. ನ್ಯಾಯವಾಗಿ ನಡೆಸಿಕೊಳ್ಳಲು ಆಗದು ಅನ್ನುವ ಭಯ ಇದ್ದರೆ ಒಬ್ಬಳೇ ಸಾಕು ಅಂತಲೂ ಅದೇ ಆಯತ್ ಹೇಳುತ್ತದೆ. 129ನೇ ಆಯತ್ ಇನ್ನೂ ಮುಂದೆ ಹೋಗಿ, ಎಷ್ಟೇ ಆಸೆಪಟ್ಟರೂ ಹೆಂಡತಿಯರ ನಡುವೆ ಪೂರ್ತಿ ಸಮನಾಗಿ ಇರಲು ನಿಮ್ಮಿಂದ ಆಗದು ಅನ್ನುತ್ತದೆ. ಆ ಮಾತನ್ನು ಗಂಡಸರು ಯಾಕೆ ಇಷ್ಟು ಬೇಗ ಮರೀತಾರೆ? ಇಂಡೋನೇಷ್ಯಾದ 1974ರ ಮದುವೆ ಕಾನೂನಿನಲ್ಲೂ ಎರಡನೇ ಮದುವೆಗೆ ಕೋರ್ಟಿನ ಅನುಮತಿ ಬೇಕು.

ದುರ್ಗದ ಮೇಷ್ಟ್ರು

ನೀವಿಬ್ಬರೂ ಜೈಲಿನ ಭಾಗ ಬಿಟ್ಟೇಬಿಟ್ಟಿರಿ. ನನ್ನ ಪ್ರಕಾರ ಸಿನಿಮಾದ ಜೀವ ಅಲ್ಲೇ ಇದೆ. ಫಹ್ರಿ ತಾನು ಒಳ್ಳೆಯವನು, ತನಗೆ ಯಾಕೆ ಹೀಗಾಯ್ತು ಅಂತ ಒದ್ದಾಡುವಾಗ ಜೊತೆಯ ಕೈದಿ ಅವನಿಗೆ ಯೂಸುಫರ ಕತೆ ನೆನಪಿಸುತ್ತಾನೆ. ಹೆಣ್ಣಿನ ಸುಳ್ಳು ಆರೋಪದಿಂದ ಈಜಿಪ್ಟಿನಲ್ಲೇ ಜೈಲು ಸೇರಿದ ಪ್ರವಾದಿ! ಕುರಾನಿನ 12ನೇ ಅಧ್ಯಾಯ ಪೂರ್ತಿ ಅವರ ಕತೆ, ಬೈಬಲ್‌ನಲ್ಲಿ ಜೋಸೆಫ್ ಅಂತ ಬರುವುದೂ ಅವರೇ. ಹಾಗಾಗಿ ಮರಿಯಾಗೂ ಆ ಕತೆ ತನ್ನದೇ. ಅಲ್ಲಿಯವರೆಗೆ ಫಹ್ರಿ ಒಂದು ಚೂರೂ ತಪ್ಪು ಮಾಡದ ಹುಡುಗ, ನನಗೆ ಅವನ ಮೇಲೆ ನಂಬಿಕೆಯೇ ಹುಟ್ಟಿರಲಿಲ್ಲ. ತನ್ನ ಒಳ್ಳೆಯತನದ ಬಗ್ಗೆ ಇದ್ದ ಹೆಮ್ಮೆ ಮುರಿದಾಗಲೇ ಅವನು ಮನುಷ್ಯನಾಗಿ ಕಂಡ.

ನನಗೆ ಹಿಡಿಸದ್ದು ಬೇರೆ. ಸಾಯುವ ಮುಂಚೆ ಮರಿಯಾ ಮುಸ್ಲಿಂ ಆಗುತ್ತಾಳಲ್ಲ, ಅದು. ಮುಸ್ಲಿಂ ಗಂಡಸು ಕ್ರೈಸ್ತ ಹೆಣ್ಣನ್ನು ಮದುವೆಯಾಗಲು ಇಸ್ಲಾಮಿನ ಸಾಂಪ್ರದಾಯಿಕ ಕಾನೂನಿನಲ್ಲೇ ಅವಕಾಶ ಇದೆ, ಮತ ಬದಲಿಸಬೇಕಿಲ್ಲ. ಕುರಾನಿನಲ್ಲಿ ಯೇಸುವಿನ ತಾಯಿಯ ಹೆಸರಿನ ಮರಿಯಮ್ ಅಧ್ಯಾಯವನ್ನು ಪ್ರೀತಿಯಿಂದ ಓದುವ ಕ್ರೈಸ್ತಳಾಗಿಯೇ ಅವಳು ಉಳಿದಿದ್ದರೆ ಸಿನಿಮಾ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು.

ಬಾಷಾ ನಗರದ ಅಕ್ಕ

ಮೇಷ್ಟ್ರೇ, ಇದನ್ನು ನಾನು ಒಪ್ಪಲ್ಲ. ಯಾರೂ ಒತ್ತಾಯ ಮಾಡಿಲ್ಲ ಅಲ್ವಾ? ಮೊದಲಿನಿಂದಲೂ ಅವಳ ಮನಸ್ಸು ಆ ಕಡೆಗೇ ಇತ್ತು. ಅವಳ ನಂಬಿಕೆಯನ್ನು ಅವಳಿಗೇ ಬಿಡಿ. ಆದರೆ ಕೊನೆಗೆ ಅವಳನ್ನು ಸಾಯಿಸಿ ಮೂವರ ಸಮಸ್ಯೆ ಬಗೆಹರಿಸಿದ್ದು ಮಾತ್ರ ನನಗೂ ಬೇಸರ. ಬದುಕಿದ್ದರೆ ಏನಾಗುತ್ತಿತ್ತು ಅಂತ ಕೇಳುವ ಧೈರ್ಯ ಕತೆಗಾರರಿಗೂ ಇರಲಿಲ್ಲ, ನಿರ್ದೇಶಕರಿಗೂ ಇರಲಿಲ್ಲ.

ಹರಿಹರ ಪ್ಯಾಸೆಂಜರ್

ಒಂದು ವಿಷಯ ಸೇರಿಸುತ್ತೇನೆ. ಕೈರೋ ಅಂತ ನಾವು ನೋಡುವ ಜಾಗಗಳಲ್ಲಿ ಜಾಸ್ತಿ ಇಂಡೋನೇಷ್ಯಾದವೇ, ಸ್ವಲ್ಪ ಭಾಗ ನಮ್ಮ ಭಾರತದಲ್ಲಿ ತೆಗೆದದ್ದು. ಆದರೂ ಇಂಡೋನೇಷ್ಯಾದಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಥಿಯೇಟರಿಗೆ ಬಂದು ನೋಡಿದರು. ನಮ್ಮಲ್ಲೂ ನಮಾಜು ಮಾಡುವ, ಓದುವ, ಪ್ರೀತಿಸುವ ಸಾಮಾನ್ಯ ಹುಡುಗನೊಬ್ಬ ಕನ್ನಡ ಸಿನಿಮಾಕ್ಕೆ ಹೀರೋ ಆಗಬೇಕು ಅಂತ ನನಗೆ ತುಂಬಾ ಆಸೆ.

ವಿದ್ಯಾನಗರದವಳು, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. 129ನೇ ಆಯತ್ ವಿಷಯ ರೂಮ್‌ಮೇಟ್‌ಗೆ ಓದಿ ಹೇಳಿದೆ. ಅವಳು ತನ್ನ ಮೊಬೈಲ್‌ನಲ್ಲಿ ಕನ್ನಡ ಅನುವಾದ ತೆಗೆದು ಆ ಅಧ್ಯಾಯ ಮೊದಲಿನಿಂದ ಓದುತ್ತಿದ್ದಾಳೆ. ಆಯಿಶಾ ಬಗ್ಗೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ. 2017ರಲ್ಲಿ ಬಂದ ಎರಡನೇ ಭಾಗ ಎಡಿನ್‌ಬರೋದಲ್ಲಿ ನಡೆಯುತ್ತದಂತೆ, ಅದನ್ನು ನೋಡಿದವರು ಇದ್ದರೆ ಆಯಿಶಾ ಏನಾದಳು ಅನ್ನುವುದನ್ನು ಮಾತ್ರ ಹೇಳಬೇಡಿ, ಭಾನುವಾರ ನೋಡುತ್ತೇವೆ.